ಶನಿವಾರ ಮಧ್ಯಾಹ್ನದ ಒಡಕು ತಟ್ಟೆಗಳು

2016ರ ಮಾರ್ಚ್‌ನಲ್ಲಿ ರಾಜ್ಯದಲ್ಲಿ ಪ್ಲಾಸ್ಟಿಕ್ ನಿಷೇಧ ಬಂತು. ಸಾಲ ಮಾಡಿ, ಬಿಸಿ ಅಚ್ಚಿನಲ್ಲಿ ಒತ್ತುವ ಎರಡು ಪ್ರೆಸ್ ಮಿಷನ್ ತಂದು ಶಿವಮೊಗ್ಗ ಜಿಲ್ಲೆಯ ಸಾಗರದ ಹತ್ತಿರ ಹಾಳೆತಟ್ಟೆ, ಅಂದರೆ ಅಡಿಕೆ ಮರದಿಂದ ಉದುರುವ ಹಾಳೆಯ ಊಟದ ತಟ್ಟೆ, ಮಾಡಲು ಶುರು ಮಾಡಿದೆ. ಮಿಷನ್ ಬಂದರೆ ಸಾಕು, ಉಳಿದದ್ದು ತಾನಾಗಿ ಆಗುತ್ತದೆ ಅಂದುಕೊಂಡಿದ್ದೆ. ಆಷಾಢಕ್ಕೆ ಗೋದಾಮಿನ ಹಾಳೆಗೆಲ್ಲ ಬೂಷ್ಟು. ಗಂಧಕದ ಹೊಗೆ ಕೊಡಿ ಅಂದರು ಒಬ್ಬರು. ಉಣ್ಣುವ ತಟ್ಟೆಗೆ ಅದೆಲ್ಲ ಬೇಡ ಅನ್ನಿಸಿತು. ಮಾಲು ಗೊಬ್ಬರದ ಗುಂಡಿಗೆ ಹೋಯಿತು.

ದಾರಿ ತೋರಿಸಿದ್ದು ಪ್ರೆಸ್ ನಡೆಸುವ ಅಕ್ಕ. "ನಮ್ಮನೆ ಬಚ್ಚಲೊಲೆ ಮೇಲಿನ ಅಟ್ಟದಲ್ಲಿಟ್ಟ ಹಾಳೆಗೆ ಏನೂ ಆಗಿಲ್ಲ ಅಣ್ಣ" ಅಂದರು. ಕತ್ತರಿಸಿ ಉಳಿದ ಚೂರು, ಅಡಿಕೆ ಸಿಪ್ಪೆ ಉರಿಸುವ ಒಲೆ ಕಟ್ಟಿ ಮೇಲೆ ಅಟ್ಟ ಹಾಕಿದೆವು. ಬೂಷ್ಟು ನಿಂತಿತು, ತಟ್ಟೆಗೆ ಹೊಗೆ ವಾಸನೆ ಹಿಡಿಯಿತು. ಪಾಯಸವೂ ಹೊಗೆ ನಾರುತ್ತದೆ ಅಂತ ಮದುವೆಮನೆಯವರು ಉಳಿದ ಕಟ್ಟುಗಳನ್ನೆಲ್ಲ ವಾಪಸ್ ಕಳಿಸಿದರು! ಆಮೇಲೆ ಹೊಗೆಯನ್ನು ತಗಡಿನ ಕೊಳವೆಯಲ್ಲಿ ಹೊರಗೆ ಬಿಟ್ಟು, ಕೊಳವೆಯ ಕಾವನ್ನಷ್ಟೇ ಬಳಸಿದೆವು.

ಇಂಥದ್ದನ್ನು ಮೊದಲೇ ಯಾಕೆ ಹೇಳಲಿಲ್ಲ ಅಂತ ಅಕ್ಕನನ್ನು ಕೇಳಿದೆ. ನಕ್ಕುಬಿಟ್ಟರು. ನಾನು ಕೊಡುತ್ತಿದ್ದದ್ದು ತಟ್ಟೆ ಲೆಕ್ಕದ ಕೂಲಿ. ಹೊಸದೇನೋ ನೋಡಲು ಹೋಗಿ ತಟ್ಟೆ ಸೀಳಿದರೆ ನಷ್ಟ ಅವರದ್ದು. ಯಾರು ಕೈ ಹಾಕುತ್ತಾರೆ? ಅಂದಿನಿಂದ ಶನಿವಾರ ಮಧ್ಯಾಹ್ನಕ್ಕೆ ದಿನಗೂಲಿ, ಎಷ್ಟು ತಟ್ಟೆ ಕೆಟ್ಟರೂ ಸರಿ. ಮನೆಯಲ್ಲಿ ಇದನ್ನು ದುಂದು ಅಂದರು. ಹಾಳೆ ಎಷ್ಟು ಹೊತ್ತು ನೆನೆಯಿತು, ಅಚ್ಚಿನ ಕಾವು ಎಷ್ಟಿತ್ತು, ಎಷ್ಟು ಸೀಳಿದವು, ಎಲ್ಲ ಪುಸ್ತಕದಲ್ಲಿ ಬರೆದೆವು. ಒಣ ಹಾಳೆ ಸೀಳುತ್ತದೆ, ನೀರು ಹೆಚ್ಚಾದರೆ ತಟ್ಟೆ ಸೊಟ್ಟಗಾಗುತ್ತದೆ. ಎಲ್ಲರಿಗೂ ಗೊತ್ತಿದ್ದದ್ದೇ, ಆದರೆ 'ಎಷ್ಟು' ಅನ್ನುವುದು ಸಿಕ್ಕಿದ್ದು ಆ ಪುಸ್ತಕದಿಂದ. ತೋಟದವರಿಗೂ ಹೊರೆ ಲೆಕ್ಕ ಬಿಟ್ಟು, ಕಲೆಯಿಲ್ಲದ ಒಣ ಹಾಳೆಗೆ ಒಂದೊಂದಕ್ಕೆ ದರ ಕಟ್ಟಿದೆ. ಬಿದ್ದ ದಿನವೇ ಹೆಕ್ಕಿಡತೊಡಗಿದರು.

2025ರ ಮೇನಲ್ಲಿ ಹೊಸ ತಲೆನೋವು. ಅಡಿಕೆಯಲ್ಲಿ ಸಹಜವಾಗಿರುವ ಆಲ್ಕಲಾಯ್ಡ್ ಅನ್ನುವ ರಾಸಾಯನಿಕಗಳು ಹಾಳೆತಟ್ಟೆಯಿಂದ ಆಹಾರಕ್ಕೆ ಇಳಿಯಬಹುದು ಅಂತ ಅಮೆರಿಕದ ಆಹಾರ ಮತ್ತು ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ಆಮದಿಗೆ ತಡೆ ಹಾಕಿತು. ನನ್ನ ಮಾಲು ಅಲ್ಲಿಗೆ ಹೋಗುವುದಿಲ್ಲ. ಆದರೂ ಬೆಂಗಳೂರಿನ ಗಿರಾಕಿಗಳು ಕೇಳುತ್ತಾರೆ, ಕೇಳಬೇಕಾದ್ದೇ. ಮಾದರಿಯನ್ನು ಲ್ಯಾಬಿಗೆ ಕಳಿಸಿದ್ದೇನೆ.

ಜೊತೆಗೆ, ಊಟಕ್ಕೆ ಸಂಬಂಧವಿಲ್ಲದ ಒಂದನ್ನು ನೋಡುತ್ತಿದ್ದೇವೆ: ಅಡಿಕೆ ಸಸಿಯ ಕಪ್ಪು ಪ್ಲಾಸ್ಟಿಕ್ ಚೀಲದ ಬದಲಿಗೆ ಹಾಳೆಯ ಕುಂಡ. ಮೊದಲ ಸಲ ಸಸಿ ಬೇರು ಬಿಡುವ ಮುಂಚೆಯೇ ತಳ ಕಳಚಿತು. ಈ ಶನಿವಾರ ಎರಡು ಪದರ ಹಾಕಿ ಒತ್ತುತ್ತೇವೆ.