ಕತ್ತಲಲ್ಲೂ ಮಾಯವಾದ ನೀಲಿ

ಬೆಳಕಿಗೆ ಹಿಡಿದ ಟ್ಯೂಬಿನಲ್ಲಿ ನೀಲಿ ಬಣ್ಣ ಮಾಯವಾಯಿತು. ನಾನು ಕುಣಿಯುವುದೊಂದು ಬಾಕಿ. ಎರಡು ತಿಂಗಳಿನಿಂದ ಕಾಯುತ್ತಿದ್ದದ್ದು ಅದಕ್ಕೇ ಅಲ್ವಾ! ಆಮೇಲೆ ಸುಮ್ನೆ ಕ್ರಮಕ್ಕೆ ಅಂತ, ಅಲ್ಯುಮಿನಿಯಂ ಫಾಯಿಲ್ ಸುತ್ತಿ ಕತ್ತಲಲ್ಲಿಟ್ಟ ಟ್ಯೂಬನ್ನು ಬಿಚ್ಚಿದೆ. ನೀಲಿಯಾಗೇ ಉಳಿಯಬೇಕಿದ್ದ ಅದೂ ಬಿಳುಚಿಕೊಂಡಿತ್ತು.

ಇದು ನನ್ನ ಎಂಎಸ್ಸಿ ಪ್ರಾಜೆಕ್ಟಿನ ಕತೆ. ಮನೆ ಬದಿಯಡ್ಕದ ಹತ್ತಿರ, ಲ್ಯಾಬು ಕಾಸರಗೋಡಿನಲ್ಲಿ. ಎಲೆ ಬೆಳಕು ಕುಡಿದಾಗ ಎಲೆಕ್ಟ್ರಾನ್ ಎಲ್ಲಿಂದ ಎಲ್ಲಿಗೆ ಹೋಗುತ್ತದೆ ಎಂಬುದನ್ನು ಬಣ್ಣದ ಮೂಲಕ ಅಳೆಯುವ ಕೆಲಸ. 1937ರಲ್ಲಿ ರಾಬರ್ಟ್ ಹಿಲ್ ಎಂಬ ವಿಜ್ಞಾನಿ ತೋರಿಸಿದ್ದು ಇಷ್ಟು: ಎಲೆಯಿಂದ ಹೊರತೆಗೆದ ಕ್ಲೋರೋಪ್ಲಾಸ್ಟ್ (ಬೆಳಕು ಹಿಡಿಯುವ ಹಸಿರು ಕಣ) ಕೂಡ ಬೆಳಕಿನಲ್ಲಿ ಆಮ್ಲಜನಕ ಬಿಡುತ್ತದೆ, ಎಲೆಕ್ಟ್ರಾನ್ ಇಸಿದುಕೊಳ್ಳಲು ಏನಾದರೊಂದು ಪಕ್ಕದಲ್ಲಿದ್ದರೆ ಸಾಕು. ನಾವು ಹಾಕುವುದು ಡಿಸಿಪಿಐಪಿ ಎಂಬ ನೀಲಿ ಬಣ್ಣ. ಎಲೆಕ್ಟ್ರಾನ್ ಸಿಕ್ಕಿದ ಕೂಡಲೇ ಅದರ ನೀಲಿ ಹೋಗುತ್ತದೆ. ಬಣ್ಣದ ಗಾಢತೆ ಅಳೆಯುವ ಸ್ಪೆಕ್ಟ್ರೋಫೋಟೋಮೀಟರಿನಲ್ಲಿ 600 ನ್ಯಾನೋಮೀಟರ್ ಬೆಳಕಿಗೆ ಇಟ್ಟು ನೋಡಿದರೆ ಎಷ್ಟು ಹೋಯಿತು ಅಂತ ಲೆಕ್ಕ ಸಿಗುತ್ತದೆ.

ಪುಸ್ತಕಗಳಲ್ಲೆಲ್ಲ ಪಾಲಕ್ ಸೊಪ್ಪು. ನಮ್ಮಲ್ಲಿ ಅದು ತಾಜಾ ಸಿಗುವುದು ಕಷ್ಟ, ಬರುವಷ್ಟರಲ್ಲಿ ಬಾಡಿರುತ್ತದೆ. ಹಿತ್ತಿಲಲ್ಲಿ ಬಸಳೆ ಬೇಕಾದಷ್ಟಿತ್ತು. ಕಿತ್ತು ತಂದು ಅರೆದೆ. ಎಂಟು ಮಡಿಕೆ ಮಸ್ಲಿನ್ ಬಟ್ಟೆಯಲ್ಲಿ ಸೋಸಿದರೆ ಒಂದು ಹನಿಯೂ ಇಳಿಯಲಿಲ್ಲ, ಬರೀ ಲೋಳೆ. ಮನೆಯಲ್ಲಿ ಹೇಳಿದಾಗ ಅಮ್ಮ ನಕ್ಕರು. "ಬೇಯಿಸಿದರೇ ಲೋಳೆ ಹೋಗುದಿಲ್ಲ, ಅರೆದರೆ ಹೋಗ್ತದಾ?" ಅದಾದ ಮೇಲೆ ಅಡಿಕೆ ಸೋಗೆ. ಅದು ಮಿಕ್ಸಿಯಲ್ಲೇ ಕಂದು ಬಣ್ಣಕ್ಕೆ ತಿರುಗಿತು. ಕಂದಾಗದಿರಲಿ ಅಂತ ಬಫರಿಗೆ (ಆಮ್ಲತೆ ಬದಲಾಗದಂತೆ ಕಾಯುವ ದ್ರಾವಣ) ಆಸ್ಕಾರ್ಬೇಟ್ ಹಾಕಿದೆ. ಆದರೂ ಸರಿಯಾಗದೆ ಅದನ್ನೂ ಬಿಟ್ಟೆ. ಕೊನೆಗೆ ಟ್ರೇಯಲ್ಲಿ ತೆಂಗಿನ ನಾರಿನ ಹುಡಿ ತುಂಬಿ ಬಟಾಣಿ ಬಿತ್ತಿದೆ. ಹನ್ನೆರಡು ದಿನದ ಎಳೆ ಗಿಡ, ಮೆತ್ತಗಿನ ಎಲೆ. ಕೆಲಸಕ್ಕೆ ಅದೇ ಬೆಸ್ಟ್.

ಅರೆಯುವುದರಿಂದ ಅಳೆಯುವ ತನಕ ಎಲ್ಲವೂ ತಣ್ಣಗಿರಬೇಕು. ನಮ್ಮ ಸೆಂಟ್ರಿಫ್ಯೂಜಿಗೆ ಕೂಲಿಂಗ್ ಇಲ್ಲ. ಮೀನು ಮಾರ್ಕೆಟಿನಿಂದ ಐಸ್ ತಂದು ಬಕೆಟಿಗೆ ತುಂಬಿ, ಟ್ಯೂಬುಗಳನ್ನು ಅದರಲ್ಲೇ ಹುಗಿಯುತ್ತಿದ್ದೆ. ಲ್ಯಾಬಿಡೀ ಬೂತಾಯಿ ವಾಸನೆ. ಮೊದಲು ಒಂದು ನಿಮಿಷ ಮೆಲ್ಲಗೆ ತಿರುಗಿಸಿ ಕಸ ತೆಗೆಯುವುದು, ಆಮೇಲೆ ಜೋರಾಗಿ ತಿರುಗಿಸಿ ಕ್ಲೋರೋಪ್ಲಾಸ್ಟಿನ ಹಸಿರು ಗಸಿ ಇಳಿಸುವುದು. ಆ ಗಸಿಯನ್ನು ಮಕ್ಕಳ ಪೈಂಟ್ ಬ್ರಷ್‌ನಿಂದ ಬಫರಿನಲ್ಲಿ ಮೆತ್ತಗೆ ಕಲಸಬೇಕು. ಪಿಪೆಟ್‌ನಿಂದ ಕುಟ್ಟಿದರೆ ಪೊರೆ ಹರಿಯುತ್ತದೆ. ಬೆಳಕಿಗೆ ಹಳೇ ಪ್ರೊಜೆಕ್ಟರ್ ಬಲ್ಬು, ಅದರ ಮುಂದೆ ನೀರು ತುಂಬಿದ ಗಾಜಿನ ಫ್ಲಾಸ್ಕು. ಬಿಸಿಯನ್ನು ನೀರು ನುಂಗುತ್ತದೆ, ಬೆಳಕು ಮಾತ್ರ ದಾಟುತ್ತದೆ. ಈ ಉಪಾಯ ನನಗೆ ಈಗಲೂ ಇಷ್ಟ.

ಸರಿ, ಕತ್ತಲಲ್ಲಿ ಬಣ್ಣ ಹೋದದ್ದು ಯಾಕೆ? ಮೂರು ದಿನ ತಲೆ ಕೆರೆದುಕೊಂಡೆ. ಫಾಯಿಲಿನಲ್ಲಿ ತೂತಿದೆಯಾ ಅಂತ ನೋಡಿದೆ, ಹೊಸ ಫಾಯಿಲ್ ಎರಡು ಸುತ್ತು ಸುತ್ತಿದೆ. ಗಿಡವೇ ಇಲ್ಲದೆ ಬರೀ ಬಫರಿಗೆ ಬಣ್ಣ ಬಿಟ್ಟು ನೋಡಿದಾಗ ಉತ್ತರ ಸಿಕ್ಕಿತು. ಬಾಟಲಿ ಅಡಿಕೆ ಸೋಗೆಯ ಕಾಲದ್ದು. ಅದರಲ್ಲಿ ಆಸ್ಕಾರ್ಬೇಟ್ ಇತ್ತು! ಆಸ್ಕಾರ್ಬೇಟ್ ಅಂದರೆ ವಿಟಮಿನ್ ಸಿ. ಬಿಎಸ್ಸಿಯಲ್ಲಿ ಲಿಂಬೆ ರಸದ ವಿಟಮಿನ್ ಸಿ ಅಳೆದದ್ದು ಇದೇ ನೀಲಿ ಬಣ್ಣದಿಂದ, ನನ್ನದೇ ಕೈಯಿಂದ. ಮರೆತೇ ಹೋಗಿತ್ತು. ತಮಾಷೆ ಏನೆಂದರೆ ಇವೆರಡನ್ನೂ ಬೇಕೆಂದೇ ಜೊತೆಗೆ ಹಾಕುವ ಪ್ರಯೋಗವೂ ಇದೆ. ಎಲೆಯಲ್ಲಿ ಬೆಳಕು ಹಿಡಿದು ಎಲೆಕ್ಟ್ರಾನ್ ತಳ್ಳುವ ಯಂತ್ರಗಳು ಎರಡು, ಫೋಟೋಸಿಸ್ಟಮ್ ಒಂದು ಮತ್ತು ಎರಡು. ಅವುಗಳಲ್ಲಿ ಫೋಟೋಸಿಸ್ಟಮ್ ಒಂದಕ್ಕೆ ಹೊರಗಿನಿಂದ ಎಲೆಕ್ಟ್ರಾನ್ ಉಣಿಸಲು ಇದೇ ಜೋಡಿ. ನನಗೆ ಬೇಕಾಗಿದ್ದದ್ದು ಮಾತ್ರ ಬೆಳಕಿನಲ್ಲಿ ನೀರು ಒಡೆದು ಬಂದ ಎಲೆಕ್ಟ್ರಾನ್.

ಹೊಸ ಬಫರ್ ಮಾಡಿದೆ. ಗಸಿಯನ್ನು ಎರಡು ಸಲ ತೊಳೆದೆ. ಆವಾಗ ಕತ್ತಲ ಟ್ಯೂಬು ನೀಲಿಯಾಗೇ ಉಳಿಯಿತು, ಬೆಳಕಿನದ್ದು ಮಾಸಿತು. ಲೆಕ್ಕ ಸುಲಭ. ಒಂದು ಸೆಂಟಿಮೀಟರ್ ಕ್ಯುವೆಟ್ಟಿನಲ್ಲಿ (ಅಳೆಯುವ ಪುಟ್ಟ ಪಾತ್ರೆ) ಮೆಷೀನಿನ ಓದು 0.21 ಇಳಿದರೆ ಸುಮಾರು 10 ಮೈಕ್ರೋಮೋಲಾರ್ ಬಣ್ಣ ಹೋಯಿತು ಅಂತ. 3 ಮಿಲಿ ದ್ರಾವಣದಲ್ಲಿ ಅದು 30 ನ್ಯಾನೋಮೋಲ್. ಒಂದೊಂದು ಬಣ್ಣದ ಅಣುವಿಗೆ ಎರಡು ಎಲೆಕ್ಟ್ರಾನ್, ಹಾಗಾಗಿ 60 ನ್ಯಾನೋಮೋಲ್ ಎಲೆಕ್ಟ್ರಾನ್.

ನಮ್ಮ ಮೆಷೀನು ತೋರಿಸುವುದು ಒಟ್ಟು ಮೊತ್ತ ಮಾತ್ರ. ಎಲೆಕ್ಟ್ರಾನಿನ ಮೊದಲ ಜಿಗಿತಗಳು ಪಿಕೋಸೆಕೆಂಡಿನಲ್ಲಿ (ಸೆಕೆಂಡಿನ ಲಕ್ಷ ಕೋಟಿಯ ಒಂದು ಪಾಲು) ಮುಗಿದುಹೋಗುತ್ತವೆ, ಅದನ್ನು ಹಿಡಿಯಲು ಲೇಸರ್ ಬೇಕು. ಎಲೆಕ್ಟ್ರಾನ್ ಹೊರುವ ಪ್ಲಾಸ್ಟೋಕ್ವಿನೋನ್ ಎಂಬ ಅಣು ಅದನ್ನು ಮುಂದಿನ ಪ್ರೋಟೀನಾದ ಸೈಟೋಕ್ರೋಮ್ ಬಿ6ಎಫ್‌ಗೆ ದಾಟಿಸುವ ಹಂತಕ್ಕೆ ಮಿಲಿಸೆಕೆಂಡುಗಳೇ ಹಿಡಿಯುತ್ತವೆ. ಇಡೀ ಸಾಲು ಅಲ್ಲಿ ಕಾಯುತ್ತದೆ, ರೈಲ್ವೇ ಗೇಟ್ ಹಾಕಿದಾಗ ಬಸ್ಸುಗಳು ನಿಂತ ಹಾಗೆ.

ಒಮ್ಮೆ ಮೋಸ ಹೋದ ಮೇಲೆ ನನಗೆ ನಂಬಿಕೆಯೇ ಬರುತ್ತಿರಲಿಲ್ಲ. ಡಿಸಿಎಂಯು ಹಾಕಿದೆ. ಅದು ಡಯುರಾನ್, ಕಳೆನಾಶಕ. ನೀರಿನಿಂದ ಎಲೆಕ್ಟ್ರಾನ್ ಎಳೆಯುವ ಫೋಟೋಸಿಸ್ಟಮ್ ಎರಡರಲ್ಲಿ ಆ ಕ್ವಿನೋನ್ ಕೂರುವ ಜಾಗದಲ್ಲಿ ತಾನೇ ಕೂತು ಎಲೆಕ್ಟ್ರಾನಿನ ದಾರಿ ಕಟ್ಟಿಬಿಡುತ್ತದೆ. ಬೆಳಕಿದ್ದರೂ ನೀಲಿ ಅಲ್ಲಾಡಲಿಲ್ಲ. ಮತ್ತೊಂದು ದಿನ ಗಸಿಯನ್ನು ಟ್ರಿಸ್ ಎಂಬ ಬಫರಿನ ಗಟ್ಟಿ ದ್ರಾವಣದಲ್ಲಿ ನೆನೆಸಿಟ್ಟೆ. ಇದರಿಂದ ಮ್ಯಾಂಗನೀಸ್ ಕಳಚಿ, ನೀರು ಒಡೆಯುವ ಭಾಗ ಕೆಡುತ್ತದೆ. ಆಗಲೂ ಬಣ್ಣ ಹೋಗಲಿಲ್ಲ. ಅದಕ್ಕೆ ನೀರಿನ ಬದಲು ಎಲೆಕ್ಟ್ರಾನ್ ಕೊಡುವ ಡೈಫಿನೈಲ್ ಕಾರ್ಬಜೈಡ್ ಎರಡು ಹನಿ ಬಿಟ್ಟು ಮತ್ತೆ ಬಲ್ಬಿನ ಮುಂದೆ ಹಿಡಿದೆ. ಓದು ಇಳಿಯತೊಡಗಿತು. ಅಷ್ಟರಲ್ಲಿ ಕರೆಂಟ್ ಹೋಯಿತು. ಲ್ಯಾಬಿನ ಅಣ್ಣ ಬಾಗಿಲಲ್ಲಿ ನಿಂತು "ಕರೆಂಟ್ ಪೋಯಿ" ಅಂದರು. ಮೊದಲು ಫಾಯಿಲ್ ಸುತ್ತಿದ ಟ್ಯೂಬನ್ನು ಬಿಚ್ಚಿ ಕಿಟಕಿಯ ಬೆಳಕಿಗೆ ಹಿಡಿದೆ. ಅದು ನೀಲಿಯಾಗೇ ಇತ್ತು.