ಆರ್‌ಸಿ ಅವಧಿ ಮುಗಿದಿದೆ ಎಂದು ಹಾಕಿದ ಕೇಸನ್ನು ನಾನು ಎದುರಿಸಿದ್ದು ಹೀಗೆ

2021ರ ಸೆಪ್ಟೆಂಬರ್‌ನಲ್ಲಿ ನನ್ನ ಸ್ಪ್ಲೆಂಡರ್ ಬೈಕಿನ ಮೇಲೆ ಒಂದು ಕೇಸು ಬಿತ್ತು. ನೋಂದಣಿ ಅವಧಿ ಮುಗಿದ ಗಾಡಿ ಓಡಿಸಿದ್ದೇನೆ ಎಂಬುದು ಆರೋಪ. ಸ್ಥಳದಲ್ಲಿ ದಂಡ ಕಟ್ಟಲಿಲ್ಲ, ವಕೀಲರನ್ನೂ ಇಟ್ಟುಕೊಳ್ಳಲಿಲ್ಲ. ಮ್ಯಾಜಿಸ್ಟ್ರೇಟ್ ಮುಂದೆ ನಾನೇ ನಿಂತೆ, ಕೇಸು ಅಲ್ಲೇ ಮುಗಿಯಿತು. ಹಳೆ ಗಾಡಿ ಇಟ್ಟುಕೊಂಡಿರುವ ಅನೇಕರು ಹೇಗೆ ಮಾಡಿದಿರಿ ಎಂದು ಕೇಳುತ್ತಿರುತ್ತಾರೆ. ಅವರಿಗಾಗಿ ಬರೆಯುತ್ತಿದ್ದೇನೆ.

ಗಾಡಿ ನೋಂದಣಿಯಾಗಿದ್ದು 2006ರ ಜುಲೈನಲ್ಲಿ. ಖಾಸಗಿ ವಾಹನದ ಆರ್‌ಸಿಗೆ ಮೋಟಾರು ವಾಹನ ಕಾಯ್ದೆಯ 41ನೇ ಕಲಂ ಕೊಡುವುದು 15 ವರ್ಷ. ಅಲ್ಲಿಗೆ 2021ರ ಜುಲೈಗೆ ಅವಧಿ ಮುಗಿಯಿತು. ಆದರೆ ಅದು ಕೊರೊನಾ ಕಾಲ. ಕೇಂದ್ರ ಸಾರಿಗೆ ಸಚಿವಾಲಯ 2020ರ ಮಾರ್ಚ್ 30ರಿಂದ ಒಂದರ ಹಿಂದೆ ಒಂದು ಪತ್ರ ಹೊರಡಿಸುತ್ತ ಬಂದಿತ್ತು. ಫಿಟ್‌ನೆಸ್, ಪರ್ಮಿಟ್, ಲೈಸೆನ್ಸ್, ನೋಂದಣಿ ಈ ದಾಖಲೆಗಳ ಅವಧಿ 2020ರ ಫೆಬ್ರವರಿ 1ರ ನಂತರ ಮುಗಿದಿದ್ದರೆ, ಲಾಕ್‌ಡೌನ್ ಕಾರಣ ನವೀಕರಿಸಲು ಆಗದಿದ್ದರೆ, ಅವನ್ನು ಚಾಲ್ತಿಯಲ್ಲಿವೆ ಎಂದೇ ಪರಿಗಣಿಸಿ ಎಂದು ಎಲ್ಲ ರಾಜ್ಯಗಳಿಗೂ ಹೇಳಿತ್ತು. 2021ರ ಜೂನ್ 17ರ ಪತ್ರ ಈ ಗಡುವನ್ನು ಸೆಪ್ಟೆಂಬರ್ 30ರವರೆಗೆ ಎಳೆದಿತ್ತು. ನನ್ನನ್ನು ನಿಲ್ಲಿಸಿದ್ದು ಆ ಗಡುವಿನ ಒಳಗೆ. ನಾನು ಗಾಡಿ ರಸ್ತೆಗೆ ಇಳಿಸುತ್ತಿದ್ದುದೇ ಆ ಪತ್ರದ ಧೈರ್ಯದ ಮೇಲೆ.

ಬೈಪಾಸಿನ ತಿರುವಿನಲ್ಲಿ ತಪಾಸಣೆ ನಡೆಯುತ್ತಿತ್ತು. ಗಾಡಿ ನಂಬರ್ ಯಂತ್ರಕ್ಕೆ ಒತ್ತಿದ ಎ.ಎಸ್.ಐ., "ಎಫ್‌ಸಿ ಮುಗ್ದಿದೆಯಲ್ರೀ, ಜುಲೈಗೇ ಮುಗ್ದಿದೆ" ಅಂದರು. ಖಾಸಗಿ ಗಾಡಿಯ 15 ವರ್ಷದ ನವೀಕರಣಕ್ಕೂ ನಮ್ಮಲ್ಲಿ ಎಫ್‌ಸಿ ಅಂತಲೇ ಹೇಳುವುದು. ಅವರ ಪರದೆಯಲ್ಲಿ ಕಂಡದ್ದು ಸರ್ಕಾರದ ಆನ್‌ಲೈನ್ ನೋಂದಣಿ ದಾಖಲೆಯಾದ 'ವಾಹನ್' ದತ್ತಾಂಶದ ಮೂಲ ತಾರೀಖು. ಗಡುವು ವಿಸ್ತರಣೆ ಆದದ್ದು ಅಲ್ಲಿ ಎಲ್ಲೂ ಇಲ್ಲ. ಮೊಬೈಲಿನಲ್ಲಿದ್ದ ಪತ್ರ ತೋರಿಸಿದೆ. ನೋಡಿದರು. "ಇದೆಲ್ಲ ನಮಗೆ ಬಂದಿಲ್ಲ, ದಂಡ ಕಟ್ಟಿ ಹೋಗಿ, ಇಲ್ಲಾಂದ್ರೆ ಕೋರ್ಟು" ಅಂದರು.

ಇಲ್ಲೇ ಬಹಳ ಜನ ಸೋಲುವುದು. ಸ್ಥಳದಲ್ಲಿ ಕಟ್ಟುವ ದಂಡ ಅಂದರೆ 200ನೇ ಕಲಂ ಪ್ರಕಾರ ಅಪರಾಧವನ್ನು ಕಾಂಪೌಂಡ್ ಮಾಡಿಕೊಂಡ ಹಾಗೆ. ದುಡ್ಡು ಕಟ್ಟಿ ರಸೀದಿ ಪಡೆದ ಕ್ಷಣಕ್ಕೆ ಪ್ರಕರಣ ಮುಕ್ತಾಯ. ಆಮೇಲೆ ಮನೆಗೆ ಬಂದು ಪತ್ರ ಹುಡುಕಿ ತಂದರೆ ಕೇಳುವವರಿಲ್ಲ. ಕಟ್ಟಲೇಬೇಕು ಎಂದು ಒತ್ತಾಯಿಸುವ ಹಾಗಿಲ್ಲ, ಒಪ್ಪದವರಿಗೆ ಕೋರ್ಟಿನ ದಾರಿ ಇದ್ದೇ ಇದೆ. ನಾನು ಕೋರ್ಟಿಗೇ ಕಳಿಸಿ ಅಂದೆ. ದನಿ ಏರಿಸಲಿಲ್ಲ, ವಿಡಿಯೋ ಮಾಡಲಿಲ್ಲ. ನೋಂದಣಿ ಇಲ್ಲದ ಗಾಡಿಯನ್ನು ವಶಕ್ಕೆ ಪಡೆಯುವ ಅಧಿಕಾರ 207ನೇ ಕಲಂನಲ್ಲಿ ಪೊಲೀಸರಿಗಿದೆ. ರಸ್ತೆಯಲ್ಲಿ ವಾದ ಬೆಳೆದರೆ ಗಾಡಿ ಠಾಣೆ ಆವರಣದಲ್ಲಿ ಮಳೆಗೆ ನೆನೆಯುತ್ತದೆ, ಅಷ್ಟೇ. ಕೇಳಿಕೊಂಡದ್ದು ಒಂದೇ: ಚಲನ್‌ನಲ್ಲಿ ಕಲಂ, ದಿನಾಂಕ, ಸಮಯ, ಸ್ಥಳ ಸರಿಯಾಗಿ ಬರೆಯಿರಿ ಅಂತ. ಬರೆದುಕೊಟ್ಟರು: "ಕಲಂ 39 ಆರ್/ಡಬ್ಲ್ಯೂ 192 ಐಎಂವಿ ಆಕ್ಟ್". ಅಂದರೆ ಮೋಟಾರು ವಾಹನ ಕಾಯ್ದೆಯಲ್ಲಿ ನೋಂದಣಿ ಇಲ್ಲದೆ ಗಾಡಿ ಓಡಿಸಬಾರದು ಎನ್ನುವ 39ನೇ ಕಲಂ, ಜೊತೆಗೆ ಅದಕ್ಕೆ ದಂಡ ಹೇಳುವ 192ನೇ ಕಲಂ. ಕೊನೆಗೆ ನನ್ನನ್ನು ಉಳಿಸಿದ್ದು ಆ ಕಾಗದದ ಮೇಲಿನ ದಿನಾಂಕವೇ.

ಅದೇ ವಾರ ಠಾಣೆಯ ಮೇಲಧಿಕಾರಿಗೆ ಒಂದು ಪುಟದ ಮನವಿ ಕೊಟ್ಟೆ. ಕೊರೊನಾ, ಕಷ್ಟ, ಹೊಟ್ಟೆಪಾಡು ಯಾವುದನ್ನೂ ಬರೆಯಲಿಲ್ಲ. ಮೂರು ತಾರೀಖು ಬರೆದೆ: ನೋಂದಣಿ ಮುಗಿದ ದಿನ, ನನ್ನನ್ನು ನಿಲ್ಲಿಸಿದ ದಿನ, ಪತ್ರದ ಗಡುವು. ಮೊದಲನೆಯದು 2020ರ ಫೆಬ್ರವರಿ 1ರ ನಂತರ ಬರುತ್ತದೆ, ಎರಡನೆಯದು ಮೂರನೆಯದಕ್ಕಿಂತ ಮುಂಚೆ ಬರುತ್ತದೆ, ಆದ್ದರಿಂದ ಕೇಸು ಕೈಬಿಡಬೇಕು ಎಂದು ಕೇಳಿದೆ. ಆರ್‌ಸಿ, ವಿಮೆ, ಹೊಗೆ ತಪಾಸಣೆ ಪತ್ರ, ಸಚಿವಾಲಯದ ಪತ್ರ ಇವುಗಳ ಜೆರಾಕ್ಸ್ ಲಗತ್ತಿಸಿ, ಇನ್ನೊಂದು ಪ್ರತಿಯ ಮೇಲೆ ಠಾಣೆಯ ಸೀಲು ಹಾಕಿಸಿಕೊಂಡೆ. ಉತ್ತರ ಬರಲಿಲ್ಲ. ಆದರೂ ಸೀಲಿರುವ ಪ್ರತಿ ಕೈಯಲ್ಲಿತ್ತಲ್ಲ, ಕೋರ್ಟಿಗೆ ಹೋದ ಮೇಲೆ ಹುಟ್ಟಿಸಿಕೊಂಡ ನೆಪ ಇದಲ್ಲ ಎಂದು ತೋರಿಸಲು ಅದು ಸಾಕಾಯಿತು.

ಈ ನಡುವೆ ನವೀಕರಣಕ್ಕೂ ಅರ್ಜಿ ಹಾಕಿದೆ. ಫಾರಂ 25, ಆಗಿನ ಶುಲ್ಕ 300 ರೂಪಾಯಿ, ಜೊತೆಗೆ ಹಸಿರು ತೆರಿಗೆ. ಚಾಸಿ ನಂಬರಿನ ಪೆನ್ಸಿಲ್ ಪ್ರಿಂಟ್ ಬೇಕು. ಹ್ಯಾಂಡಲ್ ಕೆಳಗಿನ ಕುತ್ತಿಗೆಯಲ್ಲಿ 15 ವರ್ಷದ ಮಣ್ಣು, ಗ್ರೀಸು ಹೆಪ್ಪುಗಟ್ಟಿತ್ತು. ಸೀಮೆಎಣ್ಣೆ ಹಾಕಿ ಹಳೇ ಬ್ರಷ್‌ನಲ್ಲಿ ಉಜ್ಜಿ, ತೆಳು ಕಾಗದ ಒತ್ತಿ ಹಿಡಿದು ಪೆನ್ಸಿಲನ್ನು ಅಡ್ಡಲಾಗಿ ಮೆಲ್ಲಗೆ ತೀಡಿದರೆ ಒಂದೊಂದೇ ಅಂಕಿ ಬಿಳಿಯಾಗಿ ಮೂಡುತ್ತದೆ. ಒಂದು ಅಂಕಿ ಮಸುಕಾದರೂ ಇನ್‌ಸ್ಪೆಕ್ಟರ್ ವಾಪಸ್ ಕಳಿಸುತ್ತಾರೆ. ಕೇಸು ನಡೆಯುವಾಗ ನವೀಕರಣ ಮಾಡಿಸಿದರೆ ತಪ್ಪು ಒಪ್ಪಿಕೊಂಡಂತೆ ಆಗುತ್ತದೆ ಎಂದು ಕೆಲವರು ಹೆದರಿಸಿದರು. ಹಾಗೇನಿಲ್ಲ. ಗಡುವು ಇರುವುದೇ ಅಷ್ಟರೊಳಗೆ ನವೀಕರಿಸಿಕೊಳ್ಳಲಿ ಎಂದು.

ಸಮನ್ಸ್ ಬರುವ ಹೊತ್ತಿಗೆ ವರ್ಷದ ಕೊನೆ. ಆ ಹೊತ್ತಿಗೆ ಸೆಪ್ಟೆಂಬರ್ 30ರ ಇನ್ನೊಂದು ಪತ್ರದಿಂದ ಅಕ್ಟೋಬರ್ 31ಕ್ಕೆ ಹೋಗಿದ್ದ ಗಡುವೂ ಮುಗಿದಿತ್ತು. ಸಂಚಾರ ಕೇಸುಗಳ ದಿನ ಕೋರ್ಟ್ ಹಾಲ್ ಸಂತೆಯಂತಿರುತ್ತದೆ. ಹೆಸರು ಕೂಗುತ್ತಾರೆ, "ತಪ್ಪು ಒಪ್ಕೊಳ್ತೀರಾ?" ಎನ್ನುತ್ತಾರೆ, ಹೌದು ಅಂದರೆ ದಂಡ, ಮುಂದಿನ ಹೆಸರು. ನಾನು "ಇಲ್ಲ ಸ್ವಾಮಿ, ಒಪ್ಪುವುದಿಲ್ಲ, ದಾಖಲೆ ಇದೆ" ಅಂದೆ. ಮುಂದಿನ ದಿನಾಂಕ ಕೊಟ್ಟರು. ಒಂದು ದಿನದ ಕೆಲಸ ಹೋಗುತ್ತದೆ ಎಂಬ ಒಂದೇ ಕಾರಣಕ್ಕೆ ನಿರಪರಾಧಿಗಳೂ ಒಪ್ಪಿಕೊಳ್ಳುವುದನ್ನು ಅಲ್ಲಿ ಕುಳಿತು ನೋಡಿದೆ, ಹೊಟ್ಟೆ ಉರಿಯಿತು.

ಮುಂದಿನ ದಿನಾಂಕದಂದು ಸರ್ಕಾರಿ ಅಭಿಯೋಜಕರು ಎರಡು ಮಾತು ಎತ್ತಿದರು. ಒಂದು, ವಿಸ್ತರಣೆ ಮುಗಿದುಹೋಗಿದೆಯಲ್ಲ ಎಂದು. ಗಾಡಿ ನಿಲ್ಲಿಸಿದ ದಿನ ಮುಗಿದಿರಲಿಲ್ಲ, ಅಪರಾಧ ಆಗಿದೆಯೋ ಇಲ್ಲವೋ ಎಂಬುದನ್ನು ಆ ದಿನದ ಸ್ಥಿತಿಯಲ್ಲೇ ನೋಡಬೇಕು ಎಂದೆ. ಎರಡನೆಯದು ಗಟ್ಟಿಯಾದ ಪ್ರಶ್ನೆ: ಇದು ಬರೀ ಸಲಹಾ ಪತ್ರ, ನಿಯಮವಲ್ಲ. ಅವಧಿ ಮುಗಿದ ಖಾಸಗಿ ವಾಹನವನ್ನು 39ನೇ ಕಲಂನ ಉದ್ದೇಶಕ್ಕೆ ನೋಂದಾಯಿತ ಎಂದು ಪರಿಗಣಿಸುವಂತಿಲ್ಲ, ನವೀಕರಿಸುವ ತನಕ ಸಾರ್ವಜನಿಕ ಸ್ಥಳದಲ್ಲಿ ಓಡಿಸುವಂತಿಲ್ಲ ಎಂದು ಕೇಂದ್ರ ಮೋಟಾರು ವಾಹನ ನಿಯಮಗಳ 52ನೇ ನಿಯಮ ನೇರವಾಗಿ ಹೇಳುತ್ತದೆ. ಅದನ್ನು ನಾನು ಓದಿಕೊಂಡೇ ಹೋಗಿದ್ದೆ. ಆ ನಿಯಮ ಮಾಡುವ ಸಚಿವಾಲಯವೇ ಈ ಪತ್ರವನ್ನೂ ಬರೆದಿದೆ, ಜಾರಿ ಅಧಿಕಾರಿಗಳು ಇಂಥ ದಾಖಲೆಗಳನ್ನು ಮಾನ್ಯ ಎಂದೇ ನೋಡಬೇಕು, ಜನರಿಗೆ ಕಿರುಕುಳ ಆಗಬಾರದು ಎಂದು ಅದರಲ್ಲೇ ಇದೆ ಎಂದೆ. ಸರ್ಕಾರದ ಮಾತು ನಂಬಿ ಗಾಡಿ ಓಡಿಸಿದವನಿಗೆ ಸರ್ಕಾರವೇ ಶಿಕ್ಷೆ ಕೊಡಿಸುವುದು ಹೇಗೆ ಎಂದು ಕೇಳಿದೆ. ಅಭಿಯೋಜಕರು ಪತ್ರವನ್ನು ಎರಡು ಸಲ ಓದಿ, ಮುಂದುವರಿಸಲು ಒತ್ತಾಯವಿಲ್ಲ ಎಂದರು. ಮ್ಯಾಜಿಸ್ಟ್ರೇಟ್ ದಂಡ ಪ್ರಕ್ರಿಯಾ ಸಂಹಿತೆಯ 258ನೇ ಕಲಂ ಬಳಸಿ ನಡಾವಳಿ ನಿಲ್ಲಿಸಿದರು. ಆದೇಶದ ದೃಢೀಕೃತ ಪ್ರತಿ ತೆಗೆಸಿ ಇಟ್ಟುಕೊಂಡಿದ್ದೇನೆ.

ಈಗ ಆ ವಿಸ್ತರಣೆ ಇಲ್ಲ, ನನ್ನ ವಾದ ನಿಮಗೆ ಹಾಗೇ ಒದಗುವುದಿಲ್ಲ. ಅವಧಿ ನಿಜಕ್ಕೂ ಮುಗಿದಿದ್ದರೆ 52ನೇ ನಿಯಮದ ಎದುರು ನಿಲ್ಲುವ ವಾದ ಕಡಿಮೆ. 192ನೇ ಕಲಂನಲ್ಲಿ ಮೊದಲ ಸಲಕ್ಕೆ ಕನಿಷ್ಠ 2,000, ಗರಿಷ್ಠ 5,000 ರೂಪಾಯಿ ದಂಡವಿದೆ. ಅರ್ಜಿ ಹಾಕಿ ತಪಾಸಣೆಗೆ ಕಾಯುತ್ತಿದ್ದೇನೆ ಅನ್ನುವುದು ಸಹ ಪೂರ್ತಿ ರಕ್ಷಣೆಯಲ್ಲ. ಹೋರಾಡಬಹುದಾದ ಒಂದು ಸಂದರ್ಭ ಇದೆ: ಆರ್‌ಸಿಯಲ್ಲಿ ಒಂದು ತಾರೀಖು, ಆನ್‌ಲೈನ್‌ನಲ್ಲಿ ಇನ್ನೊಂದು. ಹಳೆ ಪುಸ್ತಕಗಳಿಂದ ಕಂಪ್ಯೂಟರ್‌ಗೆ ಏರಿಸುವಾಗ ಇಂಥ ತಪ್ಪಾಗುವುದುಂಟು. ಆಗ ಮೂಲ ಆರ್‌ಸಿ ಹಿಡಿದು ಆರ್‌ಟಿಒದಲ್ಲಿ ತಿದ್ದುಪಡಿಗೆ ಅರ್ಜಿ ಹಾಕಿ, ಅದರ ಸ್ವೀಕೃತಿಯನ್ನು ಕೋರ್ಟಿಗೆ ಒಯ್ಯಿರಿ. ಕಾಯಿಲೆಯವರನ್ನೋ ಗಾಯಾಳುವನ್ನೋ ತುರ್ತಾಗಿ ಸಾಗಿಸುವಾಗ ಹಿಡಿದಿದ್ದರೆ 192ನೇ ಕಲಂನಲ್ಲೇ ವಿನಾಯಿತಿ ಇದೆ. ಆಸ್ಪತ್ರೆ ಚೀಟಿ ಜೋಪಾನ ಮಾಡಿ. 15 ವರ್ಷ ಆದ ಗಾಡಿ ಬ್ಯಾನ್ ಎಂದು ಯಾರಾದರೂ ಹೇಳಿದರೆ, ಅದು ದಿಲ್ಲಿ ಸುತ್ತಲಿನ ಕಥೆ. ನಮ್ಮಲ್ಲಿ ತಪಾಸಣೆಯಲ್ಲಿ ಪಾಸಾದರೆ ಐದು ವರ್ಷಕ್ಕೊಮ್ಮೆ ನವೀಕರಣ ಸಿಗುತ್ತದೆ.

2022ರ ಏಪ್ರಿಲ್ 1ರಿಂದ ಬೈಕಿನ ನವೀಕರಣ ಶುಲ್ಕ 1,000, ಕಾರಿಗೆ 5,000 ರೂಪಾಯಿ ಆಗಿದೆ. 20 ವರ್ಷ ದಾಟಿದ ಗಾಡಿಗೆ 2025ರ ಆಗಸ್ಟ್‌ನಿಂದ ಇದರ ದುಪ್ಪಟ್ಟು. ತಡವಾದ ಪ್ರತಿ ತಿಂಗಳಿಗೆ ಬೈಕಿಗೆ 300, ಕಾರಿಗೆ 500 ಹೆಚ್ಚುವರಿ. ಅವಧಿ ಮುಗಿಯುವ 60 ದಿನ ಮೊದಲೇ ಅರ್ಜಿ ತೆಗೆದುಕೊಳ್ಳುತ್ತಾರೆ.