ಹಳೆಯ ರುದ್ರಭೂಮಿಯ ಅಭಿವೃದ್ಧಿ: ಮೊದಲು ನೀರಿನ ದಾರಿ, ಕೊನೆಗೆ ಹೂಗಿಡ

ನಗರಸಭೆಯೋ ಚರ್ಚಿನ ಸಮಿತಿಯೋ ಜಮಾತ್ ಕಮಿಟಿಯೋ ಹಳೆಯ ರುದ್ರಭೂಮಿಗೆಂದು ಹಣ ತೆಗೆದಿಟ್ಟರೆ ಮೊದಲು ಏಳುವುದು ಕಮಾನು, ಆಮೇಲೆ ಇಂಟರ್‌ಲಾಕ್ ಕಲ್ಲು, ಆಮೇಲೆ ಹುಲ್ಲುಹಾಸು. ಮಳೆಗೆ ಗೋರಿ ಕುಸಿಯುವುದನ್ನು ಈ ಮೂರರಲ್ಲಿ ಒಂದೂ ತಡೆಯದು. ನಮ್ಮ ಕೋಲಾರವನ್ನೇ ನೋಡಿ, ಇದು ಹೈದರಾಲಿಯ ತಂದೆ ಫತೇ ಮುಹಮ್ಮದ್ ಮಲಗಿರುವ ಊರು. ಪಕ್ಕದ ಕೆಜಿಎಫ್‌ನಲ್ಲಿ 1880ರಲ್ಲಿ ಜಾನ್ ಟೇಲರ್ ಕಂಪನಿ ಗಣಿ ಕೆಲಸ ಕೈಗೆತ್ತಿಕೊಂಡ ಮೇಲೆ ಎಲ್ಲೆಲ್ಲಿಂದಲೋ ಬಂದವರು ಇಲ್ಲಿಯೇ ಮಣ್ಣಾದರು. 2001ರಲ್ಲಿ ಗಣಿ ಮುಚ್ಚಿ ಮನೆಮಂದಿ ಚದುರಿದರು. ಅವರಲ್ಲಿ ಎಷ್ಟೋ ಜನರ ಹೆಸರು ಈಗ ಕಲ್ಲಿನ ಮೇಲೆ ಮಾತ್ರ ಇದೆ. ಅಂಥ ಜಾಗದಲ್ಲಿ ಕೆಲಸದ ಕ್ರಮವೇ ಮುಖ್ಯ.

ಗಡಿ ಮತ್ತು ದಾಖಲೆ

ಪಹಣಿ ಮತ್ತು ಗ್ರಾಮ ನಕಾಶೆ ತೆಗೆಸಿ. ಜಾಗ 'ಬ' ಖರಾಬಿನಲ್ಲಿದೆಯೇ (ಅಂದರೆ ಸಾರ್ವಜನಿಕ ಬಳಕೆಗೆ ಬಿಟ್ಟ ಜಮೀನೇ), ವಕ್ಫ್ ಅಥವಾ ಚರ್ಚಿನ ಹೆಸರಿನಲ್ಲಿದೆಯೇ ನೋಡಿ. ಭೂಮಾಪನ ಇಲಾಖೆಗೆ ಹದ್ದುಬಸ್ತು ಅರ್ಜಿ ಕೊಟ್ಟು ಗಡಿಕಲ್ಲು ನೆಡಿಸಿದ ಮೇಲೆಯೇ ಕಾಂಪೌಂಡ್ ಮಾತು. ಕೋಲಾರಮ್ಮ, ಸೋಮೇಶ್ವರ ಗುಡಿಗಳಂತಹ ಕೇಂದ್ರ ಸಂರಕ್ಷಿತ ಸ್ಮಾರಕದ ಸುತ್ತ 100 ಮೀಟರ್‌ವರೆಗೆ ಹೊಸ ಕಟ್ಟಡಕ್ಕೆ ನಿಷೇಧವಿದೆ. ಅದರಾಚೆ ಇನ್ನೂ 200 ಮೀಟರ್‌ವರೆಗೆ ಅನುಮತಿ ಬೇಕು.

ನಂತರ ಪ್ರತಿ ಗೋರಿಗೂ ನಕ್ಷೆಯಲ್ಲಿ ಒಂದು ಸಂಖ್ಯೆ, ಒಂದು ಫೋಟೊ. ಮಾಸಿದ ಅಕ್ಷರಗಳನ್ನು ಎಳೆಬಿಸಿಲು ಓರೆಯಾಗಿ ಬೀಳುವ ಹೊತ್ತಿನಲ್ಲಿ ಓದಬೇಕು. ನಡುಹಗಲಿನಲ್ಲಿ ಕಾಣದ ಹೆಸರು ಆಗ ಎದ್ದು ಬರುತ್ತದೆ. ಸುಣ್ಣ, ಸೀಮೆಸುಣ್ಣ ಹಚ್ಚಬೇಡಿ. ಕಲ್ಲು ಹಾಕಿಸಲು ಶಕ್ತಿಯಿಲ್ಲದವರ ಗೋರಿಗಳೇ ಇಂಥ ಕಡೆ ಹೆಚ್ಚು ಗಂಡಾಂತರದಲ್ಲಿರುತ್ತವೆ. ತುಸು ತಗ್ಗು, ತಲೆಯ ಕಡೆಗೊಂದು ಕಾಡುಗಲ್ಲು, ಅಷ್ಟೇ ಅವುಗಳ ಗುರುತು. ಗುಂಡಿ ತೋಡುವ ಹಿರಿಯರನ್ನು ಜೊತೆಗೆ ಕರೆದುಕೊಂಡು ನಡೆದರೆ ಯಾವ ಮೂಲೆಯಲ್ಲಿ ಯಾರಿದ್ದಾರೆಂದು ಅವರು ಹೇಳುತ್ತಾರೆ. ಆ ಭಾಗಗಳನ್ನು ನಕ್ಷೆಯಲ್ಲಿ ಕೆಂಪು ಮಾಡಿ. ಅಲ್ಲಿ ಪೈಪಿಗಾಗಲಿ ಕೇಬಲ್ಲಿಗಾಗಲಿ ಹಾರೆ ಹಾಕಕೂಡದು. ಬಡವರ ಸಾಲಿನ ಮೇಲೆ ಜೆಸಿಬಿ ಓಡಿಸಿ ಮಾಡುವ ಅಭಿವೃದ್ಧಿ ಬೇಡವೇ ಬೇಡ.

ನೀರು

ಬರದ ಜಿಲ್ಲೆಯಲ್ಲಿ ಚರಂಡಿ ಏಕೆ ಎಂದು ಕೇಳುವವರಿದ್ದಾರೆ. ಒಂದು ಎಕರೆಯ ಮೇಲೆ 25 ಮಿಲಿಮೀಟರ್ ಮಳೆ ಸುರಿದರೆ ಅದು ಸುಮಾರು ಒಂದು ಲಕ್ಷ ಲೀಟರ್ ನೀರು. ಜೋರು ಮಳೆಯಲ್ಲಿ ಕೆಂಪು ಮಣ್ಣು ಕೊಚ್ಚಿಹೋಗಿ ಗೋರಿಯ ಬುಡ ಟೊಳ್ಳಾಗುತ್ತದೆ. ಹಾಗಾಗಿ ಸೆಪ್ಟೆಂಬರ್, ಅಕ್ಟೋಬರ್‌ನ ಒಂದು ದೊಡ್ಡ ಮಳೆಯಲ್ಲಿ ಕೊಡೆ ಹಿಡಿದು ನಿಂತು, ನೀರು ಎಲ್ಲಿಂದ ನುಗ್ಗುತ್ತದೆ, ಎಲ್ಲಿ ನಿಲ್ಲುತ್ತದೆ ಎಂದು ನಕ್ಷೆಯ ಮೇಲೆ ಬಾಣ ಹಾಕಿ. ಮೇಲಿನ ರಸ್ತೆಯಿಂದ ಬರುವ ನೀರನ್ನು ಗಡಿಯಲ್ಲಿಯೇ ತಿರುಗಿಸಬೇಕು. ಒಳಗೆ ಬಿದ್ದದ್ದಕ್ಕೆ ದಾರಿಯ ಬದಿಯಲ್ಲಿ ಆಳವಿಲ್ಲದ ಕಲ್ಲುಹಾಸಿನ ಕಾಲುವೆ ಸಾಕು. ಒಳಗೆ ಚಾವಣಿಯಿದ್ದರೆ ಅದರ ಮಳೆನೀರನ್ನು ನೆಲದಡಿಯ ತೊಟ್ಟಿಗೆ ಹರಿಸಿ. ಹೂಳಿ ಬಂದವರಿಗೆ ಕೈಕಾಲು ತೊಳೆಯಲು ಗೇಟಿನ ಹತ್ತಿರ ನಲ್ಲಿ ಬೇಕೇಬೇಕು.

ದಾರಿ

ಚಟ್ಟವನ್ನು ಹೊತ್ತು ನಾಲ್ವರು ಇಬ್ಬಿಬ್ಬರಾಗಿ ನಡೆಯುತ್ತಾರೆ, ಪಕ್ಕದಲ್ಲಿ ಬಂಧುಗಳಿರುತ್ತಾರೆ. ನಾಲ್ಕಡಿಯ ದಾರಿ ಮಾಡಿದರೆ ಅವರು ಗೋರಿ ತುಳಿಯಲೇಬೇಕಾಗುತ್ತದೆ. ಎಂಟಡಿಯಾದರೂ ಇರಲಿ, ಶವವಾಹನ ಬರುವ ಮುಖ್ಯ ದಾರಿಗೆ ಹನ್ನೆರಡು. ಏರು 20 ಅಡಿಗೆ ಒಂದಡಿ ಮೀರದಿದ್ದರೆ ವಯಸ್ಸಾದವರೂ ಗಾಲಿಕುರ್ಚಿಯವರೂ ಬರಬಹುದು. ಕಾಂಕ್ರೀಟ್ ಬದಲು ಗಟ್ಟಿಸಿದ ಗ್ರಾವೆಲ್ ಅಥವಾ ಊರಿನದೇ ಚಪ್ಪಡಿ ಹಾಕಿ, ನೀರು ಇಂಗಲಿ.

ಕಲ್ಲು ಮತ್ತು ಗಾರೆ

ಆಸಿಡ್, ತಂತಿ ಬ್ರಷ್, ಪೇಂಟ್ ಮೂರನ್ನೂ ಗೇಟಿನ ಹೊರಗೇ ನಿಲ್ಲಿಸಿ. ಶುದ್ಧ ನೀರು, ಮೃದುವಾದ ಬ್ರಷ್ ಸಾಕು. ಇಟ್ಟಿಗೆ ಗೋರಿಯ ಬಿರುಕಿಗೆ ಸಿಮೆಂಟ್ ಮೆತ್ತಿದರೆ ತೇವ ಒಳಗೇ ಸಿಕ್ಕಿಕೊಂಡು ಹಳೆಯ ಇಟ್ಟಿಗೆ ಪುಡಿಯಾಗುತ್ತದೆ. ಸುಣ್ಣದ ಗಾರೆಯೇ ಆಗಬೇಕು. ಆರಡಿ ಉದ್ದ, ಮೂರಡಿ ಅಗಲ, ಅರ್ಧ ಅಡಿ ದಪ್ಪದ ಗ್ರಾನೈಟ್ ಚಪ್ಪಡಿಯ ತೂಕ 600 ಕಿಲೋ ಮೀರುತ್ತದೆ. ಅದನ್ನು ಎತ್ತಲು ಚೈನ್ ಪುಲ್ಲಿ ಮತ್ತು ಅನುಭವಿ ಕೆಲಸಗಾರರು ಬೇಕು, ಶ್ರಮದಾನಕ್ಕೆ ಬಂದ ಮಕ್ಕಳಲ್ಲ.

ಬೇಸಿಗೆಯಲ್ಲಿ ಒಣಹುಲ್ಲಿಗೆ ಬೆಂಕಿ ಇಡುವ ರೂಢಿ ನಿಲ್ಲಲೇಬೇಕು. ನಮ್ಮ ಕಡೆಯ ಕಲ್ಲುಕುಟಿಗರು ಬಂಡೆಯನ್ನು ಬೆಂಕಿಯಲ್ಲಿ ಕಾಯಿಸಿಯೇ ಚಪ್ಪಡಿ ಎಬ್ಬಿಸುತ್ತಿದ್ದರು. ಅದೇ ಕಾವು ಗೋರಿಕಲ್ಲಿನ ಮುಖವನ್ನೂ ಅಕ್ಷರಗಳ ಸಮೇತ ಎಬ್ಬಿಸುತ್ತದೆ. ಹುಲ್ಲನ್ನು ಕುಡುಗೋಲಿನಿಂದ ಕೊಯ್ಯಿಸಿ.

ಗಿಡಮರ

ಗೋರಿಯ ಸಂದಿನಲ್ಲಿ ಮೊಳೆತ ಅರಳಿ, ಆಲದ ಸಸಿಗಳನ್ನು ಎಳೆಯವಾಗಿರುವಾಗಲೇ ಕಿತ್ತುಬಿಡಿ. ಬೇರು ಬಲಿತಿದ್ದರೆ ಎಳೆಯಬೇಡಿ, ಗೋರಿಯೇ ಬಿಚ್ಚಿಕೊಳ್ಳುತ್ತದೆ. ಬುಡಕ್ಕೆ ಕತ್ತರಿಸಿ, ಚಿಗುರಿದಾಗಲೆಲ್ಲ ಸವರುತ್ತಿರಬೇಕು. ದೊಡ್ಡ ಮರ ಕಡಿಯಲು 1976ರ ಮರ ಸಂರಕ್ಷಣಾ ಕಾಯ್ದೆಯಡಿ ಅರಣ್ಯ ಇಲಾಖೆಯ ಅನುಮತಿ ಬೇಕು. ಬಳ್ಳಾರಿ ಜಾಲಿ, ಲಂಟಾನ ಹೋಗಲಿ. ನೆರಳಿಗೆ ಹೊಂಗೆ, ಬೇವು ಗಡಿಯಂಚಿನಲ್ಲಿ ಬೆಳೆಯಲಿ, ಒಳಗೆ ಅಲ್ಲೊಂದು ಇಲ್ಲೊಂದು ದೇವಕಣಗಿಲೆ. ದಿನವೂ ನೀರು ಕೇಳುವ ಹುಲ್ಲುಹಾಸು ಕೋಲಾರಕ್ಕೆ ಸಲ್ಲದು.

ದೀಪದ ಕಂಬಗಳು ಗೇಟು ಮತ್ತು ಮುಖ್ಯ ದಾರಿಗಷ್ಟೇ ಇರಲಿ, ಕೇಬಲ್ ದಾರಿಯ ಅಂಚಿನಲ್ಲಿಯೇ ಸಾಗಲಿ. ಷಬೆ ಬರಾತ್ ರಾತ್ರಿ, ನವೆಂಬರ್ 2ರ ಆತ್ಮಗಳ ದಿನ, ಯಾರದಾದರೂ ಹಾಲು–ತುಪ್ಪ ಇರುವ ಬೆಳಿಗ್ಗೆ ಕೆಲಸ ನಿಲ್ಲಬೇಕೆಂದು ಗುತ್ತಿಗೆಯ ಕರಾರಿನಲ್ಲಿಯೇ ಬರೆಸಿ. ವರ್ಷವಿಡೀ ಒಬ್ಬ ಕಾವಲುಗಾರನ ಸಂಬಳ ಮತ್ತು ಮೇ ತಿಂಗಳಲ್ಲಿ ಕಾಲುವೆಯ ಹೂಳು ತೆಗೆಸುವ ಖರ್ಚು ಅಂದಾಜುಪಟ್ಟಿಯಲ್ಲಿ ಸೇರಿರದಿದ್ದರೆ, ಕಮಾನಿನ ಹಣವನ್ನು ಅದಕ್ಕೆ ತಿರುಗಿಸಿ.